ಮೇಯರ್ ಇಲ್ಲದ ಊರಿನಲ್ಲಿ ಪೌರನೀತಿಯ ಪಾಠ

ಪೌರನೀತಿಯ ಅರಿವು ಕುಸಿಯುತ್ತಿದೆ ಎಂಬ ದೂರು ಹುಬ್ಬಳ್ಳಿ-ಧಾರವಾಡದಲ್ಲಿ ಗಟಾರ ತುಂಬಿ ರಸ್ತೆಗೆ ಹರಿದಾಗಲೂ ಕೇಳಿಬರುತ್ತದೆ, ಪಠ್ಯಪುಸ್ತಕದ ಜಗಳ ಎದ್ದಾಗಲೂ ಕೇಳಿಬರುತ್ತದೆ. 2021ರ ಸೆಪ್ಟೆಂಬರ್ 3ರಂದು ಮಹಾನಗರ ಪಾಲಿಕೆಯ 82 ವಾರ್ಡ್‌ಗಳಿಗೆ ಮತದಾನ ನಡೆದಾಗ ಮತಗಟ್ಟೆಗೆ ಬಂದವರು ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಮಾತ್ರ. ಇದು ಆ ದೂರಿಗೆ ಒಂದು ಆಧಾರವನ್ನೂ ಕೊಟ್ಟಿತು. ಹೊಣೆ ಯಾರದೆಂದು ಕೇಳಿದರೆ ಪಾಲಕರು ಶಾಲೆಯತ್ತ, ಶಿಕ್ಷಕರು ಪರೀಕ್ಷೆಯತ್ತ, ಹಿರಿಯರು ಮೊಬೈಲಿನತ್ತ, ರಾಜಕಾರಣಿಗಳು ಜನರ ನಿರಾಸಕ್ತಿಯತ್ತ ಬೊಟ್ಟು ಮಾಡುತ್ತಾರೆ. ಎಲ್ಲರ ಮಾತಿನಲ್ಲೂ ಒಂದಿಷ್ಟು ಸತ್ಯವಿದೆ. ಆದರೆ ಈ ಊರಿನ ಮಟ್ಟಿಗೆ ಹೊಣೆಯ ದೊಡ್ಡ ಪಾಲು ರಾಜ್ಯವನ್ನು ಆಳಿದವರ ಮೇಲೆ ಬೀಳುತ್ತದೆ, ಅವರು ಯಾವ ಪಕ್ಷದವರೇ ಇರಲಿ. ಸ್ಥಳೀಯ ಸರ್ಕಾರ ಎಂಬುದನ್ನು ಅವರು ಪುಸ್ತಕದಲ್ಲಿ ಉಳಿಸಿ ಊರಿನಲ್ಲಿ ಇಲ್ಲವಾಗಿಸಿದರು.

ಕುಸಿತ ನಿಜವೇ ಎಂಬುದನ್ನು ಮೊದಲು ನೋಡಬೇಕು. ಅಮೆರಿಕದಲ್ಲಿ ಪೌರನೀತಿಗೆಂದೇ ರಾಷ್ಟ್ರಮಟ್ಟದ ಪರೀಕ್ಷೆ ಇದೆ. ಅಲ್ಲಿ 8ನೇ ತರಗತಿ ಮಕ್ಕಳ ಸರಾಸರಿ ಅಂಕ 2022ರಲ್ಲಿ ಇಳಿಯಿತು. 1998ರಿಂದ ನಡೆಯುತ್ತಿರುವ ಆ ಸರಣಿಯಲ್ಲಿ ಅದೇ ಮೊದಲ ಇಳಿಕೆ. ಪ್ರವೀಣರೆನಿಸುವ ಮಟ್ಟ ಮುಟ್ಟಿದವರು ಶೇ 22ರಷ್ಟು ಮಕ್ಕಳು ಮಾತ್ರ. ನಮ್ಮಲ್ಲಿ ಮಕ್ಕಳ ಓದು ಮತ್ತು ಲೆಕ್ಕವನ್ನು ಅಳೆಯುವಷ್ಟು ಆಸಕ್ತಿಯಿಂದ ಪೌರನೀತಿಯನ್ನು ಯಾರೂ ಅಳೆದಿಲ್ಲ. ಆದ್ದರಿಂದ ಹಿಂದಿನ ತಲೆಮಾರಿಗೆ ಹೆಚ್ಚು ತಿಳಿದಿತ್ತು, ಈಗಿನವರಿಗೆ ಕಡಿಮೆ ಎಂಬ ಮಾತು ಊಹೆಯಾಗಿಯೇ ಉಳಿಯುತ್ತದೆ. ಕಣ್ಣಿಗೆ ಕಾಣುವುದು ಬೇರೊಂದು ಸಂಗತಿ. ತಿಳಿವಳಿಕೆ ಇದ್ದಲ್ಲಿ ಅದನ್ನು ಬಳಸುವ ಜಾಗವಿಲ್ಲ, ಬಳಸುವ ಜಾಗ ಸಿಕ್ಕಲ್ಲಿ ತಿಳಿವಳಿಕೆ ತಾನಾಗಿ ಬೆಳೆದಿದೆ.

ಧಾರವಾಡದ ಸಪ್ತಾಪುರವನ್ನೇ ನೋಡಬಹುದು. ಅಲ್ಲಿನ ಕೋಚಿಂಗ್ ಕೇಂದ್ರಗಳಲ್ಲಿ, ಬಾಡಿಗೆಯ ಓದುಕೊಠಡಿಗಳಲ್ಲಿ ಕೆಎಎಸ್, ಪಿಎಸ್‌ಐ, ಪಿಡಿಒ ಪರೀಕ್ಷೆಗಳಿಗೆ ಕುಳಿತ ಸಾವಿರಾರು ಯುವಕ ಯುವತಿಯರಿಗೆ ಸಂವಿಧಾನದ ವಿಧಿಗಳು ಸಂಖ್ಯೆ ಸಹಿತ ಬಾಯಿಪಾಠ. 73ನೇ ತಿದ್ದುಪಡಿ ಪಂಚಾಯಿತಿಗೆ, 74ನೇ ತಿದ್ದುಪಡಿ ನಗರಕ್ಕೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಊರಿನಲ್ಲಿ ವಾರ್ಡ್ ಸಮಿತಿ ಇರಬೇಕೆನ್ನುವುದು 243ಎಸ್ ವಿಧಿ. ಇಷ್ಟನ್ನು ಅವರು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಆದರೆ ಅವರಲ್ಲಿ ಬಹಳಷ್ಟು ಜನ ಬೇರೆ ಜಿಲ್ಲೆಗಳಿಂದ ಬಂದವರು. ಮತದಾರರ ಪಟ್ಟಿಯಲ್ಲಿ ಅವರ ಹೆಸರಿರುವುದು ತಮ್ಮ ಊರಿನಲ್ಲಿ, ವಾಸ ಧಾರವಾಡದಲ್ಲಿ. ತಾವು ವರ್ಷಗಟ್ಟಲೆ ಇರುವ ಓಣಿಯ ಕಾರ್ಪೊರೇಟರ್ ಯಾರೆಂದು ತಿಳಿಯುವ ಪ್ರಸಂಗವೇ ಅವರಿಗೆ ಬರುವುದಿಲ್ಲ. ಇಷ್ಟು ದೊಡ್ಡ ತಿಳಿವಳಿಕೆಯ ರಾಶಿ ನೌಕರಿಯ ಪ್ರಶ್ನೆಪತ್ರಿಕೆಯಾಚೆ ಎಲ್ಲಿಯೂ ಬಳಕೆಗೆ ಬಾರದಿರುವುದು ನಿಜವಾಗಿಯೂ ನೋವಿನ ವಿಷಯ.

ಇದೇ ಜಿಲ್ಲೆಯ ನವಲಗುಂದದ ರೈತರದು ಇದಕ್ಕೆ ತಿರುಗುಮುರುಗಾದ ಕಥೆ. ಮಹದಾಯಿ ನೀರಿಗಾಗಿ ನಡೆದ ಕಳಸಾ-ಬಂಡೂರಿ ಹೋರಾಟದಲ್ಲಿ ವರ್ಷಗಟ್ಟಲೆ ಧರಣಿ ಕುಳಿತವರಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತದವರೂ ಇದ್ದರು. ಆದರೂ ಅಂತರರಾಜ್ಯ ಜಲವಿವಾದ ಕಾಯ್ದೆ ಎಂದರೇನು, ನ್ಯಾಯಮಂಡಳಿಯ ತೀರ್ಪನ್ನು ಕೇಂದ್ರ ಯಾಕೆ ಗೆಜೆಟ್‌ನಲ್ಲಿ ಪ್ರಕಟಿಸಬೇಕು, ಅರಣ್ಯ ಅನುಮತಿ ಯಾರ ಕೈಯಲ್ಲಿದೆ ಎಂಬುದನ್ನು ಅವರು ಚಹಾದಂಗಡಿಯಲ್ಲಿ ನಿಂತು ಬಿಡಿಸಿ ಹೇಳುತ್ತಿದ್ದರು. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಹಂಚಿದಾಗ ಅದರಲ್ಲಿ ಕಳಸಾಕ್ಕೆಷ್ಟು, ಬಂಡೂರಿಗೆಷ್ಟು ಎಂಬ ಲೆಕ್ಕ ಮೊದಲು ಹೋಗಿ ತಲುಪಿದ್ದು ಹೊಲಗಳಿಗೆ. ಆ ನೀರಿನ ಮುಖ್ಯ ಉದ್ದೇಶಗಳಲ್ಲಿ ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರೂ ಒಂದು. ಈ ಪಾಠಕ್ಕೆ ಪುಸ್ತಕವೂ ಇರಲಿಲ್ಲ, ಅಂಕಗಳೂ ಇರಲಿಲ್ಲ. ಮನುಷ್ಯನಿಗೆ ತನ್ನ ಮಾತು ಎಲ್ಲೋ ಒಂದು ಕಡೆ ಲೆಕ್ಕಕ್ಕೆ ಬರುತ್ತದೆ ಎಂಬ ನಂಬಿಕೆ ಇದ್ದರೆ ಕಾನೂನಿನ ಭಾಷೆಯನ್ನೂ ಕಲಿಯುತ್ತಾನೆ.

ಇನ್ನು ಪಠ್ಯಪುಸ್ತಕ. ಕರ್ನಾಟಕದಲ್ಲಿ ಪಠ್ಯದ ಜಗಳಕ್ಕೆ ಬರವಿಲ್ಲ. ಬರಗೂರು ರಾಮಚಂದ್ರಪ್ಪ ಸಮಿತಿಯ ಪುಸ್ತಕಗಳನ್ನು 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿ ಪರಿಷ್ಕರಿಸಿತು. ಸರ್ಕಾರ ಬದಲಾದ ಮೇಲೆ 2023ರಲ್ಲಿ ಮತ್ತೆ ತಿದ್ದುಪಡಿಯಾಯಿತು. ವಾದವೆಲ್ಲ ನಡೆದದ್ದು ಯಾವ ಲೇಖಕ ಇರಬೇಕು, ಯಾವ ಅರಸ ಇರಬೇಕು, ಯಾರಿಗೆ ಎಷ್ಟು ಸಾಲು ಎಂಬುದರ ಮೇಲೆ. ಪಾಲಿಕೆಯ ಪಾಠ ಮಗುವಿಗೆ ಅರ್ಥವಾಗುವಂತಿದೆಯೇ ಎಂದು ಕೇಳಿ ಯಾವ ಪಕ್ಷವೂ ಬೀದಿಗಿಳಿಯಲಿಲ್ಲ. ಪೌರತ್ವ, ಪ್ರಜಾಪ್ರಭುತ್ವ, ಸ್ಥಳೀಯ ಸರ್ಕಾರಗಳು 8ನೇ ತರಗತಿಯಲ್ಲಿ ಬರುತ್ತವೆ. ಕೇಂದ್ರ, ರಾಜ್ಯ, ನ್ಯಾಯಾಂಗ 9ನೇ ತರಗತಿಯಲ್ಲಿ. ಎಸ್‌ಎಸ್‌ಎಲ್‌ಸಿಗೆ ಬರುವ ಹೊತ್ತಿಗೆ ವಿದೇಶಾಂಗ ನೀತಿ ಮತ್ತು ಅಂತರರಾಷ್ಟ್ರೀಯ ಸಂಸ್ಥೆಗಳು. ಮಗು ಮತದಾನದ ವಯಸ್ಸಿಗೆ ಹತ್ತಿರವಾದಷ್ಟೂ ಪಾಠ ಅದರ ಓಣಿಯಿಂದ ದೂರ ಸರಿಯುತ್ತದೆ. ಪಾಲಿಕೆಯ ಆದಾಯದ ಮೂಲಗಳನ್ನು ಪಟ್ಟಿ ಮಾಡಿ ಎಂಬ ಪ್ರಶ್ನೆಗೆ ಗೈಡಿನಲ್ಲಿರುವ ಉತ್ತರ ಬರೆದು ಅಂಕ ಪಡೆಯುವ ಹುಡುಗಿ, ಮನೆಯ ಟ್ರಂಕಿನಲ್ಲಿರುವ ಆಸ್ತಿ ತೆರಿಗೆಯ ರಸೀದಿಯನ್ನು ಒಮ್ಮೆಯೂ ಬಿಚ್ಚಿ ನೋಡಿರುವುದಿಲ್ಲ. ಅದನ್ನು ಶಾಲೆಗೆ ತಾ ಎಂದು ಪುಸ್ತಕ ಹೇಳಿದ್ದರೆ ಸಾಕಿತ್ತು.

ಶಿಕ್ಷಕರ ಮೇಲಿನ ಆರೋಪ ಎಲ್ಲಕ್ಕಿಂತ ಅನ್ಯಾಯದ್ದು. ಈ ಅವಳಿ ನಗರಕ್ಕೆ ಶಿಕ್ಷಕರು ಕೊಟ್ಟದ್ದು ಸಣ್ಣದಲ್ಲ. ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರ ಕಾಲದಿಂದ ಧಾರವಾಡದ ಟ್ರೇನಿಂಗ್ ಕಾಲೇಜು ಈ ಭಾಗದ ಶಾಲೆಗಳಿಗೆ ಮೇಷ್ಟ್ರುಗಳನ್ನು ತಯಾರು ಮಾಡಿತು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಸಾರ್ವಜನಿಕ ಚರ್ಚೆಗೆ ವೇದಿಕೆಯಾಯಿತು. ಇಂದಿನ ಸರ್ಕಾರಿ ಶಾಲೆಯ ಸಮಾಜ ವಿಜ್ಞಾನದ ಶಿಕ್ಷಕರು ಚುನಾವಣೆಯನ್ನು ಪುಸ್ತಕಕ್ಕಿಂತ ಚೆನ್ನಾಗಿ ಬಲ್ಲವರು. ಮತಗಟ್ಟೆ ಅಧಿಕಾರಿಗಳಾಗಿ ಮತಯಂತ್ರಕ್ಕೆ ಅರಗಿನ ಮುದ್ರೆ ಒತ್ತಿದವರು, ಬಿಎಲ್‌ಒ ಆಗಿ ಮನೆಮನೆ ತಿರುಗಿ ಮತದಾರರ ಪಟ್ಟಿ ತಿದ್ದಿದವರು ಅವರೇ. ಆ ಅನುಭವವನ್ನು ತರಗತಿಗೆ ತರಲು ವೇಳೆಯೂ ಇಲ್ಲ, ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಇಲ್ಲ. ಮಕ್ಕಳನ್ನು ಕಟ್ಟಿಕೊಂಡು ಝೋನಲ್ ಕಚೇರಿಗೆ ಹೋಗಿ ಕಸದ ಬಗ್ಗೆ ಅರ್ಜಿ ಕೊಡಿಸಿದರೆ ನಾಳೆ ನಡತೆ ನಿಯಮದ ನೋಟಿಸ್ ಬಂದೀತೆಂಬ ಅಂಜಿಕೆಯೂ ಸುಳ್ಳಲ್ಲ. 2023ರಿಂದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುವ ಕ್ರಮ ಬಂದಿದೆ. ಅದು ಒಳ್ಳೆಯದೇ, ಆದರೆ ಓದಿದ್ದನ್ನು ಕುರಿತು ಪ್ರಶ್ನೆ ಕೇಳುವ ಸ್ವಾತಂತ್ರ್ಯ ಗುರುವಿಗೂ ಶಿಷ್ಯನಿಗೂ ಅದರ ಜತೆಗೇ ಸಿಗಬೇಕಿತ್ತು.

ಹೊಣೆಯ ದೊಡ್ಡ ಪಾಲು ರಾಜ್ಯವನ್ನು ಆಳಿದವರದು ಎಂದದ್ದು ಯಾಕೆಂಬುದಕ್ಕೆ ಪಾಲಿಕೆಯ ಕಥೆಯನ್ನೇ ನೋಡಬೇಕು. ಹಿಂದಿನ ಪಾಲಿಕೆಯ ಅವಧಿ 2019ರ ಮಾರ್ಚ್‌ನಲ್ಲಿ ಮುಗಿಯಿತು. ವಾರ್ಡ್‌ಗಳು 67ರಿಂದ 82ಕ್ಕೆ ಏರಿದ್ದು, ಮರುವಿಂಗಡಣೆ ಮತ್ತು ಮೀಸಲಾತಿಯ ತಕರಾರು, ಕೋರ್ಟು, ಆಮೇಲೆ ಕೋವಿಡ್. ಹೀಗೆ ಎರಡೂವರೆ ವರ್ಷ ಆಡಳಿತಾಧಿಕಾರಿಯ ಆಳ್ವಿಕೆ. 2021ರ ಸೆಪ್ಟೆಂಬರ್‌ನಲ್ಲಿ ಚುನಾವಣೆ ನಡೆದು ಫಲಿತಾಂಶ ಬಂದ ಮೇಲೂ ಗೆದ್ದವರು ಸಭೆ ಸೇರಲಾಗದೆ ತಿಂಗಳುಗಟ್ಟಲೆ ಕಾದರು. ಮೇಯರ್ ಆಯ್ಕೆಯಾದದ್ದು 2022ರ ಮೇ 28ರಂದು. ಇದನ್ನು ಒಂದು ಮಗುವಿನ ಓದಿನೊಂದಿಗೆ ಇಟ್ಟು ನೋಡಬೇಕು. 2019ರ ಬೇಸಿಗೆ ರಜೆ ಮುಗಿಸಿ 8ನೇ ತರಗತಿಗೆ ಬಂದ ಮಗು ಆ ವರ್ಷ ಸ್ಥಳೀಯ ಸರ್ಕಾರದ ಪಾಠದಲ್ಲಿ ಮೇಯರ್, ಸ್ಥಾಯಿ ಸಮಿತಿ, ಸಾಮಾನ್ಯ ಸಭೆ ಎಂದೆಲ್ಲ ಓದಿತು. ಮುಂದೆ 9ನೇ ತರಗತಿ, 10ನೇ ತರಗತಿ. ಅದರ ಎಸ್‌ಎಸ್‌ಎಲ್‌ಸಿ ಫಲಿತಾಂಶ 2022ರ ಮೇ 19ರಂದು ಬಂತು. ಅಂದರೆ ಒಂದಿಡೀ ಹೈಸ್ಕೂಲು ಶಿಕ್ಷಣ ಮುಗಿಯುವವರೆಗೆ ಆ ಮಗುವಿನ ಊರಿಗೆ ಮೇಯರ್ ಇರಲಿಲ್ಲ. ಹುಬ್ಬಳ್ಳಿಯಲ್ಲಿ 1855ರಲ್ಲಿ, ಧಾರವಾಡದಲ್ಲಿ 1856ರಲ್ಲಿ ಪುರಸಭೆ ಶುರುವಾಗಿ, 1962ರಲ್ಲಿ ಎರಡೂ ಸೇರಿ ಮಹಾನಗರ ಪಾಲಿಕೆಯಾದ ಊರಿನ ಕಥೆ ಇದು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಸ್ಥಿತಿ ಇನ್ನೂ ಕಡೆ. ಅವುಗಳ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆಯನ್ನು ವರ್ಷವರ್ಷ ಮುಂದೂಡುತ್ತಲೇ ಬರಲಾಯಿತು. ಪಾಲಿಕೆಯ ಅವಧಿ ತೀರುವ ಮುನ್ನವೇ ಚುನಾವಣೆ ಮುಗಿಯಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ವಾರ್ಡ್ ವಿಂಗಡಣೆಯ ನೆಪ ಹೇಳಿ ತಡ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಇಷ್ಟಾದ ಮೇಲೂ ಹಿಂದೇಟು ಹಾಕಿದವರು ಮತದಾರರಿಗೆ ಆಸಕ್ತಿ ಇಲ್ಲವೆಂದು ದೂರುವುದು ಸರಿಯಲ್ಲ.

ಚುನಾಯಿತ ಪಾಲಿಕೆ ಇದ್ದಾಗಲೂ ಅದು ಪುಸ್ತಕದ ಪಾಲಿಕೆಯಾಗಿ ಉಳಿದಿಲ್ಲ. ನೀರು ಪೂರೈಸುವುದು ಪಾಲಿಕೆಯ ಕರ್ತವ್ಯ ಎಂದು ಪಾಠ ಹೇಳುತ್ತದೆ. ಈ ಊರಿನಲ್ಲಿ ಮಲಪ್ರಭೆಯ ನೀರನ್ನು ಬಹುಕಾಲ ಮನೆಗೆ ಬಿಟ್ಟದ್ದು ರಾಜ್ಯದ ಜಲಮಂಡಳಿ. ದಿನದ 24 ಗಂಟೆ ನೀರು ಕೊಡುವ, ವಿಶ್ವಬ್ಯಾಂಕ್ ಸಾಲದ ಯೋಜನೆ ಬಂದ ಮೇಲೆ ಆ ಕೆಲಸ ಎಲ್ ಅಂಡ್ ಟಿ ಕಂಪನಿಯ ಪಾಲಾಯಿತು. ಎರಡು ಊರುಗಳ ನಡುವಿನ ಬಿಆರ್‌ಟಿಎಸ್ ಪಥಕ್ಕೆ ಒಂದು ಕಂಪನಿ, ಆ ಪಥದಲ್ಲಿ ಓಡುವ ಚಿಗರಿ ಬಸ್ಸಿಗೆ ವಾಯವ್ಯ ಸಾರಿಗೆ ಸಂಸ್ಥೆ, ಸ್ಮಾರ್ಟ್ ಸಿಟಿ ಕಾಮಗಾರಿಗೆ ಮತ್ತೊಂದು ಕಂಪನಿ, ಬಡಾವಣೆಗೆ ನಗರಾಭಿವೃದ್ಧಿ ಪ್ರಾಧಿಕಾರ, ಕರೆಂಟಿಗೆ ಹೆಸ್ಕಾಂ. ವಾರಗಟ್ಟಲೆ ನಳ ಬಾರದ ಓಣಿಯ ಹೆಣ್ಣುಮಗಳು ಕೊಡ ಹಿಡಿದು ಪ್ರತಿಭಟನೆಗೆ ಬಂದರೆ ಕಾರ್ಪೊರೇಟರ್ ಕಂಪನಿಯತ್ತ, ಕಂಪನಿ ಯೋಜನಾ ಕಚೇರಿಯತ್ತ ಕೈ ತೋರಿಸುತ್ತದೆ. ಹೊಣೆ ಯಾರದೆಂದು ಅಧಿಕಾರದಲ್ಲಿರುವವರೇ ಒಂದೇ ಉತ್ತರ ಕೊಡಲಾಗದ ಕಡೆ ಜನಸಾಮಾನ್ಯರಿಗೆ ಪೌರನೀತಿ ಗೊತ್ತಿಲ್ಲ ಎಂದು ಹಳಿಯುವುದರಲ್ಲಿ ಅರ್ಥವಿಲ್ಲ.

ಕಲಿತದ್ದನ್ನು ಬಳಸುವ ಸಣ್ಣಪುಟ್ಟ ಜಾಗಗಳೂ ಒಂದೊಂದಾಗಿ ಮುಚ್ಚಿಹೋಗಿವೆ, ಇಲ್ಲವೇ ತೆರೆದೇ ಇಲ್ಲ. ಕಾಲೇಜು ವಿದ್ಯಾರ್ಥಿ ಸಂಘಗಳ ಚುನಾವಣೆ 1980ರ ದಶಕದ ಕೊನೆಗೆ ನಿಂತಿತು. ಗಲಭೆ, ಜಾತಿ, ಹಣ ಎಂಬ ಕಾರಣಗಳಿದ್ದವು, ಅವು ಸುಳ್ಳೂ ಆಗಿರಲಿಲ್ಲ. ಆದರೆ ಅದನ್ನು ಸುಧಾರಿಸುವ ಬದಲು ನಿಲ್ಲಿಸಿಬಿಟ್ಟಿದ್ದರಿಂದ ಸೋಲನ್ನು ಒಪ್ಪಿ ಎದುರಾಳಿಯ ಕೈ ಕುಲುಕುವ ಅಭ್ಯಾಸವೇ ತಪ್ಪಿಹೋಯಿತು. ವಾರ್ಡ್ ಸಮಿತಿಗೆ ಸಂವಿಧಾನದ ಬೆಂಬಲವಿದ್ದರೂ ಅದು ನಾಗರಿಕರು ಬೇಡಿ ಪಡೆಯುವ ವಸ್ತುವಾಗಿದೆ. ಇಲ್ಲಿ ಹಳ್ಳಿಗಳು ನಗರಕ್ಕಿಂತ ಮುಂದಿವೆ. ಗ್ರಾಮ ಪಂಚಾಯಿತಿಗಳು ಪ್ರತಿವರ್ಷ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸರ್ಕಾರದ ಆದೇಶವಿದೆ. ಶೌಚಾಲಯಕ್ಕೆ ನೀರಿಲ್ಲ, ಶಾಲೆಗೆ ಕಾಂಪೌಂಡ್ ಇಲ್ಲ, ಬಸ್ಸು ಹೊತ್ತಿಗೆ ಬರುವುದಿಲ್ಲ ಎಂದು ಮಗು ಎದ್ದು ನಿಂತು ಅಧ್ಯಕ್ಷರನ್ನೂ ಪಿಡಿಒ ಅವರನ್ನೂ ಕೇಳುತ್ತದೆ, ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತದೆ. ಇದು ಎಷ್ಟೋ ಕಡೆ ಕಾಟಾಚಾರಕ್ಕೆ ನಡೆಯುತ್ತದೆ ಎಂಬುದು ನಿಜವಾದರೂ ಧಾರವಾಡ ತಾಲ್ಲೂಕಿನ ಹಳ್ಳಿಯ ಹುಡುಗನಿಗೆ ಸಿಗುವ ಈ ಅವಕಾಶ ಹಳೇ ಹುಬ್ಬಳ್ಳಿಯ ಹುಡುಗನಿಗೆ ಇಲ್ಲ.

ಮೊಬೈಲ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಅದು ಸುಳ್ಳನ್ನು ಹೊತ್ತು ತರುವಂತೆಯೇ ಪಾಲಿಕೆಗೆ ಗಟಾರದ ಫೋಟೊವನ್ನೂ ಕಳಿಸುತ್ತದೆ. ಮಾಧ್ಯಮದ ಪಾಲು ಇದಕ್ಕಿಂತ ಹೆಚ್ಚು. ಪಾಲಿಕೆ ಸಭೆಯಲ್ಲಿ ಯಾರು ಬಾವಿಗಿಳಿದು ಕೂಗಿದರು ಎಂಬ ಸುದ್ದಿಗೆ ಸಿಗುವ ಜಾಗ ಬಜೆಟ್ಟಿನ ಯಾವ ಬಾಬಿನಿಂದ ಯಾವ ವಾರ್ಡಿಗೆ ಹಣ ಹೋಯಿತು ಎಂಬುದಕ್ಕೆ ಸಿಗುವುದಿಲ್ಲ. ನಾಗರಿಕರೂ ಪಾರಾಗುವಂತಿಲ್ಲ. ಸಕಾಲ ಯೋಜನೆ 2012ರಲ್ಲಿ ಮೊದಲು ಪ್ರಯೋಗಕ್ಕೆ ಬಂದ ನಾಲ್ಕು ತಾಲ್ಲೂಕುಗಳಲ್ಲಿ ಧಾರವಾಡವೂ ಒಂದು. ಅರ್ಜಿಗೆ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ಚೀಟಿ ಕೊಡಬೇಕು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಹೀಗಿದ್ದೂ ಉತಾರಕ್ಕೆ ಹೋದವರು ಚೀಟಿ ಕೇಳುವ ಮೊದಲು ಏಜೆಂಟನನ್ನು ಹುಡುಕುತ್ತಾರೆ. ಪಕ್ಕದಲ್ಲಿ ನಿಂತ ಮಗು ಕಚೇರಿಯ ವ್ಯವಹಾರವನ್ನು ಕಲಿಯುವುದು ಆ ಹೊತ್ತಿನಲ್ಲೇ. ಪಾಲಕರ ತಪ್ಪು ಇಷ್ಟು, ಇದು ಕಡಿಮೆಯೇನಲ್ಲ.

2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ರಚಿಸಲು ಒಪ್ಪಿತು. ಧಾರವಾಡದವರ ಹಳೆಯ ಬೇಡಿಕೆ ಅದು. ಗಡಿ, ಆಸ್ತಿ, ಸಿಬ್ಬಂದಿ, ಸಾಲ ಎಲ್ಲವನ್ನೂ ಪಾಲು ಮಾಡಬೇಕಾದ ಈ ಹೊತ್ತು ಪೌರನೀತಿ ಕಲಿಸಲು ಸಿಕ್ಕ ಅಪರೂಪದ ಅವಕಾಶ. ಕರಡು ಅಧಿಸೂಚನೆಯನ್ನು ಹೈಸ್ಕೂಲಿನ ತರಗತಿಗಳಲ್ಲಿ ಓದಿಸಬಹುದು, ವಾರ್ಡ್ ನಕ್ಷೆಯನ್ನು ಶಾಲೆಯ ಗೋಡೆಗೆ ಅಂಟಿಸಬಹುದು, ಮಕ್ಕಳ ಗ್ರಾಮಸಭೆಯಂತೆ ವಾರ್ಡ್‌ಗೊಂದು ಮಕ್ಕಳ ಸಭೆಯನ್ನು ಪಾಲಿಕೆಯೇ ಕರೆಯಬಹುದು. ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ, ದೊಡ್ಡ ಖರ್ಚೂ ಇಲ್ಲ. ಆದರೆ ಎಲ್ಲಕ್ಕಿಂತ ಮೊದಲಿನ ಕೆಲಸ ರಾಜ್ಯ ಸರ್ಕಾರದ್ದು. 2022ರ ಮೇ ತಿಂಗಳ ಮೊದಲ ಸಭೆಯಿಂದ ಲೆಕ್ಕ ಹಾಕಿದರೆ ಆಗ ರಚನೆಯಾದ ಪಾಲಿಕೆಯ ಐದು ವರ್ಷ 2027ರ ಮೇ ತಿಂಗಳಲ್ಲಿ ತುಂಬುತ್ತದೆ. ಅಷ್ಟರೊಳಗೆ ವಾರ್ಡ್ ವಿಂಗಡಣೆ, ಮೀಸಲಾತಿ ಪಟ್ಟಿ, ಮತದಾರರ ಪಟ್ಟಿ ಮೂರೂ ಸಿದ್ಧವಾಗಿ ಮತದಾನ ಮುಗಿದಿರಬೇಕು.