ತಂತ್ರಾಂಶದ ಲಾಂಛನವೂ ಕನ್ನಡದ ಅಕ್ಷರವೂ

ಕನ್ನಡಕ್ಕಾಗಿ ಮುಕ್ತ ತಂತ್ರಾಂಶಗಳನ್ನು ಕಟ್ಟುತ್ತಿರುವ ತರುಣರಲ್ಲಿ ಈಚೆಗೆ ಒಂದು ಮಾತು ವಾಡಿಕೆಯಾಗಿದೆ: “ಲಾಂಛನವು ಏನಾದರೂ ಇರಲಿ, ಜಾಲತಾಣವು ಸದ್ಯಕ್ಕೆ ಇಂಗ್ಲಿಷಿನಲ್ಲಿರಲಿ, ಒಳಗಿನ ಕೆಲಸವು ನೆಟ್ಟಗಿದ್ದರೆ ಸಾಕು.” ಕೇಳುವುದಕ್ಕೆ ಇದು ವಿನಯದ ಮಾತು. ವಿಚಾರಿಸಿ ನೋಡಿದರೆ ಸೋಮಾರಿತನಕ್ಕೆ ಹೊದಿಸಿದ ಶಾಲು. ಇವರ ಪರಿಶ್ರಮದಲ್ಲಿ ನನಗೆ ಗೌರವವುಂಟು. ಆದುದರಿಂದಲೇ ಇವರೊಡನೆ ಜಗಳವಾಡಬೇಕಾಗಿದೆ.

ವಿಕಿಪೀಡಿಯದ ಗೋಳವನ್ನು ವಾಚಕರೆಲ್ಲರೂ ಕಂಡಿರುತ್ತಾರೆ. ನಾನಾ ಲಿಪಿಗಳ ಅಕ್ಷರಗಳನ್ನು ಹೊತ್ತ ಬಿಲ್ಲೆಗಳಿಂದ ಕೂಡಿದ ಆ ಗೋಳದಲ್ಲಿ ನಮ್ಮ ವಕಾರವೂ ಗುಡಿಸನ್ನು ಧರಿಸಿ ‘ವಿ’ ಎಂದು ನಿಂತಿದೆ. ಆ ಲಾಂಛನವನ್ನು 2003ರಲ್ಲಿ ಸ್ಪರ್ಧೆ ನಡೆಸಿ, ಮತ ಪಡೆದು ಆರಿಸಿದರು. ಅಷ್ಟೆಲ್ಲ ಮತಗಳು ಬಿದ್ದರೂ ದೇವನಾಗರಿಯ ಅಕ್ಷರವೂ ಜಪಾನೀ ಅಕ್ಷರವೂ ತಪ್ಪಾಗಿಯೇ ಕುಳಿತವು. 2007ರಲ್ಲಿ ಅಮೆರಿಕದ ಪತ್ರಿಕೆಯೊಂದು ಈ ತಪ್ಪನ್ನು ಜಗತ್ತಿಗೆಲ್ಲ ಸಾರಿತು. ತಿದ್ದಿದ ಗೋಳವು ಹೊರಬಂದುದು 2010ರಲ್ಲಿ. ಕೋಟ್ಯಂತರ ಜನರು ನೋಡುವ ಮುದ್ರೆಯೊಂದು ಏಳು ವರ್ಷ ಕಾಗುಣಿತದ ತಪ್ಪನ್ನು ಹೊತ್ತು ನಡೆದಂತಾಯಿತು. ಮತ ಹಾಕಿದವರು ಎಷ್ಟು ಮಂದಿಯೋ ಇದ್ದರು, ಆ ಲಿಪಿಯನ್ನು ಓದಬಲ್ಲವನನ್ನು ಕರೆದು ತೋರಿಸುವ ಬುದ್ಧಿ ಮಾತ್ರ ಯಾರಿಗೂ ಬರಲಿಲ್ಲ. ಬಹುಮತದಿಂದ ಅಕ್ಷರವು ಶುದ್ಧವಾಗುವುದಿಲ್ಲ.

ನಮ್ಮವರ ಸ್ಥಿತಿಯೇನು? ಕನ್ನಡದ ಒತ್ತಕ್ಷರಗಳನ್ನು ಅರಿಯದ ಯಾವುದೋ ಚಿತ್ರ ಬರೆಯುವ ತಂತ್ರಾಂಶದಲ್ಲಿ ಹೆಸರನ್ನು ಬೆರಳಚ್ಚಿಸುತ್ತಾರೆ. ನಕಾರದ ಒತ್ತು ಕೆಳಗಿಳಿಯದೆ ‘ಕನ್ನಡ’ವು ‘ಕನ್’ ಎಂದೂ ‘ನಡ’ ಎಂದೂ ಎರಡು ಹೋಳಾಗಿ ನಿಲ್ಲುತ್ತದೆ. ಇದನ್ನೇ ಲಾಂಛನವೆಂದು ಪ್ರಕಟಿಸುವವರನ್ನು ಕಂಡಿದ್ದೇನೆ. ಗುಬ್ಬಿ, ನವಿಲು, ನೋಟೋ, ಬಾಲೂ ತಮ್ಮ ಮೊದಲಾದ ಅಕ್ಷರಮಾದರಿಗಳು ಯಾರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ದೊರೆಯುತ್ತಿರುವಾಗ, ಅಕ್ಷರವಿಲ್ಲವೆಂಬ ನೆಪವೂ ನಿಲ್ಲದು.

ಲಾಂಛನವು ಅಲ್ಪವಿಷಯವೆಂಬುವರು ಡೆಬಿಯನ್ ಬಳಗದ ಪ್ರಸಂಗವನ್ನು ನೆನೆಯಬೇಕು. ಫೈರ್‌ಫಾಕ್ಸ್ ಎಂಬ ಜಾಲದರ್ಶಕದ ಒಳಬರಹವನ್ನು ಯಾರು ಬೇಕಾದರೂ ತಿದ್ದಬಹುದಾಗಿತ್ತು. ಅದರ ನರಿಯ ಚಿತ್ರವನ್ನು ಮಾತ್ರ ಆ ಷರತ್ತಿನಲ್ಲಿ ಕೊಟ್ಟಿರಲಿಲ್ಲ. ಡೆಬಿಯನ್‌ನವರು ಚಿತ್ರವನ್ನು ಬಿಟ್ಟರು. ಚಿತ್ರವಿಲ್ಲದೆ ಹೆಸರನ್ನೂ ಬಳಸಕೂಡದೆಂದು ಮೊಜಿಲ್ಲಾದವರು ತಗಾದೆ ತೆಗೆದರು. 2006ರಿಂದ 2016ರ ವರೆಗೆ ಆ ಜಾಲದರ್ಶಕವು ಡೆಬಿಯನ್‌ನಲ್ಲಿ ಐಸ್‌ವೀಸಲ್ ಎಂಬ ಬೇರೆ ಹೆಸರಿನಿಂದ ಬಾಳಬೇಕಾಯಿತು. ಆದಕಾರಣ ಲಾಂಛನವು ಯಾರದು, ಯಾವ ಷರತ್ತಿನಲ್ಲಿ ಕೊಟ್ಟದ್ದು ಎಂಬುದನ್ನು ಮೊದಲ ದಿನವೇ ಬರೆದಿಡತಕ್ಕದ್ದು. ಗೆಳೆಯನೊಬ್ಬನು ಒಂದು ರಾತ್ರಿ ಬಿಡಿಸಿಕೊಟ್ಟ ಚಿತ್ರಕ್ಕಾಗಿ ಮೂರು ವರ್ಷದ ಮೇಲೆ ಮನಸ್ತಾಪವಾಗುವುದು ಯಾರಿಗೂ ಬೇಡ.

ಇನ್ನು ಜಾಲತಾಣ. ಹೊರನಾಡಿನ ಕುಶಲರು ಕೈಗೂಡಿಸಬೇಕಾದರೆ ಇಂಗ್ಲಿಷ್ ಬೇಕೆನ್ನುತ್ತಾರೆ. ಬೇಕು, ಅವರಿಗೊಂದು ಪುಟವಿರಲಿ. ಆದರೆ ತಂತ್ರಾಂಶವು ಯಾರಿಗಾಗಿ? ಮೊಳಕಾಲ್ಮೂರಿನ ರೇಷ್ಮೆ ನೇಯುವ ಮನೆಯ ಹುಡುಗಿಗೂ ಬಿ.ಜಿ. ಕೆರೆಯ ಉಪಾಧ್ಯಾಯರಿಗೂ ತಲೆಬಾಗಿಲಲ್ಲಿಯೇ ಪರಭಾಷೆಯ ಬೀಗ ಹಾಕಿ, ಒಳಗೆ ಕನ್ನಡದ ಹಬ್ಬ ನಡೆಯುತ್ತಿದೆಯೆಂದರೆ ಅವರು ನಂಬುವುದು ಹೇಗೆ? ಮೂಲೆಯಲ್ಲಿ ‘ಕನ್ನಡ’ವೆಂಬ ಸಣ್ಣ ಗುಂಡಿಯನ್ನಿಟ್ಟು, ಒತ್ತಿದರೆ ಒಂದೇ ಪುಟ ಕನ್ನಡವಾಗಿ, ಮುಂದಿನದೆಲ್ಲ ಮರಳಿ ಇಂಗ್ಲಿಷಾಗುವ ತಾಣಗಳಂತೂ ಪರಿಹಾಸ್ಯವೇ ಸರಿ. ಅಳವಡಿಸುವ ಕ್ರಮವೂ, ದೋಷ ಕಂಡಾಗ ತಿಳಿಸುವ ಪುಟವೂ ಕನ್ನಡದಲ್ಲಿರಲೇಬೇಕು. ದೋಷವನ್ನು ಕಾಣುವವನು ಬಳಸುವವನು. ಅವನ ಬಾಯಿ ಕಟ್ಟಿದರೆ ತಂತ್ರಾಂಶವು ಸುಧಾರಿಸುವುದೆಂತು? ಬರಹವು ಯೂನಿಕೋಡ್ ಅಕ್ಷರಗಳಲ್ಲಿಯೇ ಇರಬೇಕು. ಚಿತ್ರವಾಗಿ ಅಂಟಿಸಿದ ಕನ್ನಡವನ್ನು ಹುಡುಕುವ ಯಂತ್ರವು ಹುಡುಕದು, ಕಣ್ಣಿಲ್ಲದವರಿಗೆ ಓದಿಹೇಳುವ ತಂತ್ರಾಂಶವು ಓದದು. ಕನ್ನಡ ವಿಕಿಪೀಡಿಯವು 2003ರಲ್ಲಿ ಆರಂಭವಾಗಿ, ಓದುಗರಿಗೆ ಮೊದಲ ಪುಟದಿಂದಲೇ ಕನ್ನಡವನ್ನು ಕೊಡುತ್ತಿದೆ. ಅದರಿಂದ ಅದಕ್ಕೆ ಯಾವ ಹಾನಿಯೂ ಆದದ್ದನ್ನು ಕಾಣೆ.

ಗುರುತಿನ ಮುದ್ರೆಯು ಹೊಸ ಕಾಲದ ಹುಚ್ಚೆಂದು ಹೇಳುವ ಹಿರಿಯರೂ ಉಂಟು. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನವನ್ನು ಅವರು ನೋಡಿಬರಲಿ. 1892ರಲ್ಲಿ ರೈಸ್ ಸಾಹೇಬರು ಬೆಳಕಿಗೆ ತಂದ ಆ ಬಂಡೆಯಲ್ಲಿ ಚಪಡನೆಂಬ ಬರಹಗಾರನು ಚಕ್ರವರ್ತಿಯ ಮಾತನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ತಾನು ಲಿಪಿಕರನೆಂಬ ಪದವನ್ನು ಮಾತ್ರ ವಾಯವ್ಯದ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಈ ಸೀಮೆಯಲ್ಲಿ ಅದನ್ನು ಓದಬಲ್ಲವರು ಆಗ ಎಷ್ಟು ಮಂದಿ ಇದ್ದರೋ! ಆದರೂ ಅವನು ಓದುಗರ ಪಾಲಿನ ಮಾತನ್ನು ಖರೋಷ್ಠಿಯಲ್ಲಿ ಬರೆಯಲಿಲ್ಲ. ತನ್ನ ಬಿಂಕವನ್ನು ತನ್ನ ಸಹಿಗೆ ಮಾತ್ರ ಮೀಸಲಿಟ್ಟನು. ನಮ್ಮ ತರುಣರು ಮಾಡುತ್ತಿರುವುದು ಇದರ ವಿಪರ್ಯಾಸ: ಸಹಿಯೊಂದು ಕನ್ನಡದಲ್ಲಿ, ಶಾಸನವೆಲ್ಲ ಪರಭಾಷೆಯಲ್ಲಿ.

ಮುಂದಿನ ಲಾಂಛನದ ಕರಡು ಸಿದ್ಧವಾದಾಗ ಮತ ಎಣಿಸುವುದಕ್ಕೆ ಮುನ್ನ ಅದನ್ನು ಒಬ್ಬ ಕನ್ನಡ ಪಂಡಿತರಿಗೂ, ಅಕ್ಷರ ಬರೆದು ಬದುಕುವ ಒಬ್ಬ ನಾಮಫಲಕದ ಕಲಾವಿದನಿಗೂ ತೋರಿಸಲಿ. ಅವರ ಆಕ್ಷೇಪಗಳನ್ನು ತಂತ್ರಾಂಶದ ದೋಷಪಟ್ಟಿಯಲ್ಲಿಯೇ, ಎಲ್ಲರೂ ಕಾಣುವಂತೆ, ಕನ್ನಡದಲ್ಲಿ ದಾಖಲಿಸಲಿ.