ಬೆವರು ನಾರುವುದಿಲ್ಲ ಎಂದು ಮೊದಲು ಹೇಳೋಣ

ನನ್ನ ಬೋಧನಾಭ್ಯಾಸದ ಆರನೇ ಪಾಠ. ಎಂಟನೇ ತರಗತಿ, ಸೂಕ್ಷ್ಮಜೀವಿಗಳು. ‘ಬೆವರು ಏಕೆ ನಾರುತ್ತದೆ?’ ಎಂದು ಕೇಳಿದೆ. ‘ಸ್ನಾನ ಮಾಡದಿದ್ದರೆ ಬ್ಯಾಕ್ಟೀರಿಯಾ ಬೆಳೆದು ಕೊಳೆಯುತ್ತದೆ’ ಎಂದು ಒಬ್ಬಳು ಹೇಳಿದಳು. ಅದನ್ನೇ ಕಪ್ಪುಹಲಗೆಯ ಮೇಲೆ ಬರೆದೆ. ಇಡೀ ತರಗತಿ ಹಿಂದಿನ ಬೆಂಚಿನತ್ತ ತಿರುಗಿ ನಕ್ಕಿತು. ಅಲ್ಲಿದ್ದ ಹುಡುಗ ದಿನವೂ ದೂರದಿಂದ ಸೈಕಲ್ ತುಳಿದು ಬರುವವನು. ತಲೆ ತಗ್ಗಿಸಿ ಕುಳಿತ. ನನ್ನ ವೀಕ್ಷಣಾ ಪುಸ್ತಕದಲ್ಲಿ ‘ವಿದ್ಯಾರ್ಥಿಗಳ ಸಹಭಾಗಿತ್ವ ಉತ್ತಮ’ ಎಂಬ ಷರಾ ಬಿತ್ತು.

ನಾನು ಬರೆದದ್ದು ತಪ್ಪು. ಕಂಕುಳಿನ ಅಪೋಕ್ರೈನ್ ಗ್ರಂಥಿಗಳು ಕೆಲಸ ಆರಂಭಿಸುವುದೇ ಹದಿಹರೆಯದಲ್ಲಿ. ಅವು ಸ್ರವಿಸುವ ಒಂದು ಗಂಧಕಯುಕ್ತ ಅಣುವಿಗೆ ವಾಸನೆಯೇ ಇಲ್ಲ. ಸಿಸ್ಟೀನ್, ಗ್ಲೈಸಿನ್ ಎಂಬ ಎರಡು ಅಮೈನೋ ಆಮ್ಲಗಳು ಅದರಲ್ಲಿ ಸೇರಿಕೊಂಡಿವೆ. ಸ್ಟ್ಯಾಫಿಲೊಕಾಕಸ್ ಹೋಮಿನಿಸ್ ಎಂಬ ಬ್ಯಾಕ್ಟೀರಿಯಾ ಅದನ್ನು ತನ್ನ ಕೋಶದೊಳಕ್ಕೆ ಎಳೆದುಕೊಳ್ಳುತ್ತದೆ. ಒಂದು ಕಿಣ್ವ ಗ್ಲೈಸಿನ್ ಅನ್ನು ಕಳಚುತ್ತದೆ. ಇನ್ನೊಂದು ಕಿಣ್ವ ಕಾರ್ಬನ್ ಮತ್ತು ಗಂಧಕದ ನಡುವಿನ ಬಂಧವನ್ನು ಮುರಿಯುತ್ತದೆ. ಸಿಸ್ಟೀನಿನ ಉಳಿದ ಭಾಗ ಪೈರುವೇಟ್ ಮತ್ತು ಅಮೋನಿಯಾ ಆಗಿ ಬ್ಯಾಕ್ಟೀರಿಯಾಕ್ಕೆ ಉಪಯೋಗಕ್ಕೆ ಬರುತ್ತದೆ. ಗಂಧಕ ಹೊತ್ತ ತುಂಡು ಹೊರಬೀಳುತ್ತದೆ. ನಮ್ಮ ಮೂಗು ಹಿಡಿಯುವ ಘಾಟು ಅದೇ. ಬಂಧ ಮುರಿಯುವ ಈ ಕಿಣ್ವವನ್ನು ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ವಿವರಿಸಿದರು.

ಇಲ್ಲಿ ಏನೂ ‘ಕೊಳೆಯುವುದಿಲ್ಲ’. ಈ ಬ್ಯಾಕ್ಟೀರಿಯಾ ಸ್ನಾನ ಮಾಡಿದವರ ಚರ್ಮದ ಮೇಲೂ ಇರುತ್ತದೆ. ಕೊರಿಯಾದ ಬಹುಪಾಲು ಜನರಲ್ಲಿ ಈ ವಾಸನೆ ತೀರಾ ಕಡಿಮೆ. ಅವರು ನಮಗಿಂತ ಹೆಚ್ಚು ಸೋಪು ಹಚ್ಚುತ್ತಾರೆಂದಲ್ಲ. ಒಂದು ಜೀನಿನ ರೂಪಾಂತರದಿಂದಾಗಿ ಆ ಅಣು ಬೆವರಿಗೆ ಹೆಚ್ಚಾಗಿ ಬಂದು ಸೇರುವುದಿಲ್ಲ, ಅಷ್ಟೆ. ಸ್ನಾನ ಬೇಡ ಎಂದು ನಾನು ಹೇಳುತ್ತಿಲ್ಲ. ತೊಳೆದರೆ ಬ್ಯಾಕ್ಟೀರಿಯಾವೂ ಅದರ ಆಹಾರವೂ ಕಡಿಮೆಯಾಗುತ್ತವೆ. ಆದರೆ ಕಿಣ್ವದ ಕೆಲಸವನ್ನು ಮಗುವಿನ ನಡತೆಯ ಲೆಕ್ಕಕ್ಕೆ ಬರೆಯುವ ಹಕ್ಕು ವಿಜ್ಞಾನ ಶಿಕ್ಷಕರಿಗಿಲ್ಲ.

‘ಇದೆಲ್ಲ ಆ ಮಟ್ಟದ ಮಕ್ಕಳಿಗೆ ಹೆಚ್ಚಾಯಿತು’ ಎಂದು ನನ್ನ ಮಾರ್ಗದರ್ಶಕರು ಹೇಳಿದರು. ಹೆಸರುಗಳು ಹೆಚ್ಚಾದಾವು, ಒಪ್ಪುತ್ತೇನೆ. ವಿಷಯ ಹೆಚ್ಚಲ್ಲ. ಅನ್ನವನ್ನು ಚೆನ್ನಾಗಿ ಅಗಿದರೆ ಬಾಯಲ್ಲಿ ಸಿಹಿಯಾಗುತ್ತದೆ, ಲಾಲಾರಸದ ಕಿಣ್ವ ಪಿಷ್ಟವನ್ನು ಒಡೆಯುತ್ತದೆ ಎಂದು ಇದೇ ಮಕ್ಕಳಿಗೆ ನಾವೇ ಕಲಿಸುತ್ತೇವೆ. ಅಲ್ಲಿ ರುಚಿ ಬದಲಾಗುತ್ತದೆ, ಇಲ್ಲಿ ವಾಸನೆ. ನಮ್ಮ ಪಾಠಯೋಜನೆಗಳಲ್ಲಿ ಬ್ಯಾಕ್ಟೀರಿಯಾ ಬಂದ ಕಡೆಯೆಲ್ಲ ‘ಕೊಳೆಯುತ್ತದೆ’ ಎಂದು ಬರೆದು ಮುಗಿಸುವ ಅಭ್ಯಾಸವಿದೆ (ನನ್ನ ಹಿಂದಿನ ಐದು ಯೋಜನೆಗಳಲ್ಲೂ ಇದೆ, ನೋಡಿದೆ). ಯಾವ ಕಿಣ್ವ, ಯಾವುದನ್ನು, ಎಲ್ಲಿ ಮುರಿಯಿತು ಎಂದು ಒಂದು ಸಾಲು ಸೇರಿಸಿದರೆ ಸಾಕು.

ಮರುವಾರ ಹತ್ತು ನಿಮಿಷ ಕೇಳಿ ಪಡೆದು ಅದೇ ತರಗತಿಗೆ ಹೋದೆ. ಬಣ್ಣದ ಮಣಿಗಳನ್ನು ಪೋಣಿಸಿ ಅಣು ಮಾಡಿದೆವು, ಕಿಣ್ವದ ಬದಲು ಕತ್ತರಿ. ‘ಹಾಗಾದ್ರೆ ಆ ಕತ್ತರೀನೇ ಕೆಲಸ ಮಾಡದ ಹಾಗೆ ಮಾಡಬಹುದಾ ಮೇಡಂ?’ ಎಂದು ಕೇಳಿದ್ದು ಮೊದಲ ಸಲ ಉತ್ತರ ಕೊಟ್ಟ ಹುಡುಗಿಯೇ. ಸಂಶೋಧಕರು ಅದನ್ನೇ ಹುಡುಕುತ್ತಿದ್ದಾರೆ ಎಂದೆ. ಹಿಂದಿನ ಬೆಂಚಿನ ಹುಡುಗ ಆ ದಿನ ಬಂದಿರಲಿಲ್ಲ. ಮಣಿಗಳನ್ನು ಅವನಿಗಾಗಿ ತರಗತಿಯಲ್ಲೇ ಬಿಟ್ಟು ಬಂದಿದ್ದೇನೆ.