ಕಡಲಿಗೆ ಹೋದ ರೀಲು, ಕಪಾಟಿನಲ್ಲಿರುವ ಚಂದನ

ಡುಮಾಂಟ್ ಅಂತ ಒಂದು ಟಿವಿ ಜಾಲ ಅಮೆರಿಕದಲ್ಲಿತ್ತು. ೧೯೪೬ರಲ್ಲಿ ಶುರುವಾಗಿ ೧೯೫೬ರ ಆಗಸ್ಟಿನಲ್ಲಿ ಕಣ್ಣು ಮುಚ್ಚಿತು. ಎನ್‌ಬಿಸಿ, ಸಿಬಿಎಸ್‌ಗಳ ಬೆನ್ನಿಗೆ ರೇಡಿಯೋದ ದುಡ್ಡಿತ್ತು. ಡುಮಾಂಟ್‌ನವರು ಟಿವಿ ಸೆಟ್ ಮಾಡಿ ಮಾರುವವರು, ಅಷ್ಟೇ. ಜಾಕಿ ಗ್ಲೀಸನ್ ಎಂಬ ಹಾಸ್ಯನಟ ಅಲ್ಲಿ ಹೆಸರು ಮಾಡಿದ, ೧೯೫೨ರಲ್ಲಿ ಸಿಬಿಎಸ್‌ನವರು ಹೆಚ್ಚು ದುಡ್ಡು ಕೊಟ್ಟು ಕರೆದುಕೊಂಡರು. ಹೋಗಲಿ, ವ್ಯಾಪಾರ ಅಂದ್ರೆ ಹಾಗೇ. ಹೊಟ್ಟೆ ಉರಿಯೋದು ಮುಂದಿನದಕ್ಕೆ. ಡುಮಾಂಟ್‌ನ ರೀಲುಗಳನ್ನು ೭೦ರ ದಶಕದಲ್ಲಿ ಲಾರಿಗೆ ತುಂಬಿ ನ್ಯೂಯಾರ್ಕಿನ ಕೊಲ್ಲಿಗೆ ಸುರಿದರು ಅಂತ ನಟಿ ಈಡೀ ಆಡಮ್ಸ್ ೧೯೯೬ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಮುಂದೆ ಸಾಕ್ಷಿ ಹೇಳಿದರು. ಹತ್ತು ವರ್ಷದ ಕಾರ್ಯಕ್ರಮಗಳಲ್ಲಿ ಉಳಿದಿರೋದು ಕೆಲವು ನೂರು ಮಾತ್ರ.

ಇದನ್ನು ಓದುವಾಗ ನನಗೆ ನಮ್ಮ ಚಂದನ ನೆನಪಾಯಿತು.

ಚಂದನ ಅಂದ್ರೆ ನಗೋರು ಬಹಳ ಜನ. ಆಫೀಸಿನಲ್ಲಿ "ಕೃಷಿದರ್ಶನ" ಅನ್ನೋದೇ ಒಂದು ಜೋಕು :-) ಆದರೆ ಕಥೆ ಒಂಚೂರು ನೋಡಿ. ೧೯೯೪ರಲ್ಲಿ ಡಿಡಿ-೯ ಅಂತ ಉಪಗ್ರಹಕ್ಕೆ ಹೋಯಿತು, ಅದೇ ವರ್ಷ ಉದಯ ಟಿವಿ ಬಂತು. ೧೯೯೮ರಲ್ಲಿ ಟಿ.ಎನ್. ಸೀತಾರಾಮ್ ಮತ್ತು ಗೆಳೆಯರ "ಮಾಯಾಮೃಗ" ಬಂದದ್ದು ಇಲ್ಲೇ. ೨೦೦೦ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಶುರುವಾಯಿತು, ಸೀತಾರಾಮ್ ಅವರ "ಮನ್ವಂತರ", "ಮುಕ್ತ" ಅಲ್ಲಿಗೆ ಹೋದವು. ಗ್ಲೀಸನ್ ಕಥೆಯೇ ಅಲ್ವಾ? ಆದರೂ ಚಂದನ ಸಾಯಲಿಲ್ಲ, ಏಕೆಂದರೆ ಅದು ಬದುಕಿರೋದು ಜಾಹೀರಾತಿನಿಂದಲ್ಲ, ನಮ್ಮ ತೆರಿಗೆಯಿಂದ. ೨೦೦೨ರಲ್ಲಿ ಡಾ. ನಾ. ಸೋಮೇಶ್ವರ ಅವರ "ಥಟ್ ಅಂತ ಹೇಳಿ" ಶುರುವಾಯಿತು. ಸರಿ ಉತ್ತರಕ್ಕೆ ಕಾರು, ಲಕ್ಷ ರೂಪಾಯಿ ಏನೂ ಇಲ್ಲ, ಒಂದು ಪುಸ್ತಕ. ಇಂಥ ಕಾರ್ಯಕ್ರಮ ಮೂರು ಸಾವಿರ ಕಂತು ದಾಟಿದೆ ಅಂದ್ರೆ ಟಿಆರ್‌ಪಿಯವರು ಏನಂತಾರೋ!

ನಮ್ಮ ಮಾಲೂರಿನಲ್ಲಿ ಇದಕ್ಕೆ ಬೇರೆಯೇ ತೂಕ ಇತ್ತು. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಹೊಸೂರಿನ ಕಡೆ ಹೊರಟರೆ ತಮಿಳು. ಕೇಬಲ್ ಹಾಕಿಸಿದ ಮನೆಯವರು ಜೆಮಿನಿ, ಸನ್ ನೋಡೋರು. ಕೇಬಲ್ಲಿಗೆ ದುಡ್ಡು ಕಟ್ಟದ ನಮ್ಮಂಥವರಿಗೆ ಮಾಳಿಗೆ ಮೇಲಿನ ಆಂಟೆನಾನೇ ಗತಿ, ಅದರಲ್ಲಿ ಸಂಜೆ ಬರ್ತಿದ್ದದ್ದು ಕನ್ನಡ. ತೆಲುಗು ಬಿಟ್ಟು ಮಾತಾಡದ ನಮ್ಮ ಅವ್ವ (ಅಜ್ಜಿಯನ್ನು ನಾವು ಹಾಗೇ ಕರೆಯೋದು) ಸೋಮೇಶ್ವರ ಅವರ ಪ್ರಶ್ನೆಗೆ ಮಾತ್ರ ಕನ್ನಡದಲ್ಲೇ ಉತ್ತರ ಹೇಳೋಳು, ಮುಕ್ಕಾಲು ಪಾಲು ತಪ್ಪು. ಆ ಆಂಟೆನಾಗಳಿಗೆ ಈಗ ಕೆಲಸವಿಲ್ಲ. ಗಡಿ ಪ್ರದೇಶದಂಥ ಕಡೆ ಐವತ್ತರಷ್ಟು ಬಿಟ್ಟು ಉಳಿದೆಲ್ಲ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು ೨೦೨೨ರ ಮಾರ್ಚ್ ಒಳಗೆ ನಿಲ್ಲಿಸುತ್ತೇವೆ ಅಂತ ಪ್ರಸಾರ ಭಾರತಿ ೨೦೨೧ರಲ್ಲೇ ಹೇಳಿತ್ತು. ಹಳೇ ತಂತ್ರಜ್ಞಾನ, ನಿಲ್ಲಿಸಿದ್ದಕ್ಕೆ ನನ್ನ ತಕರಾರಿಲ್ಲ.

ನನ್ನ ತಕರಾರು ಟೇಪುಗಳ ಬಗ್ಗೆ. ಪ್ರಸಾರ ಭಾರತಿಯವರು ಹಳೇ ಸಂಗ್ರಹದಿಂದ ಆಗಾಗ ಒಂದಿಷ್ಟನ್ನು ಯೂಟ್ಯೂಬಿಗೆ ಹಾಕ್ತಾರೆ, ಸಂತೋಷ. ಆದರೆ ಆರಿಸಿ ಆರಿಸಿ ಬಡಿಸೋದು ಯಾಕೆ? ನಮ್ಮ ದುಡ್ಡಿನಲ್ಲಿ ಮಾಡಿದ್ದು ತಾನೇ? ಜಾಗ ಇಲ್ಲ ಅನ್ನೋ ಮಾತು ನನ್ನ ಹತ್ತಿರ ನಡೆಯಲ್ಲ. ಅರ್ಧ ಗಂಟೆಯ ಹಳೇ ಗುಣಮಟ್ಟದ ವಿಡಿಯೋಗೆ ೪೦೦ ಎಂಬಿ ಅಂದುಕೊಳ್ಳಿ, ಮೂರು ಸಾವಿರ ಕಂತಿಗೆ ೧.೨ ಟಿಬಿ. ಎಸ್.ಪಿ. ರೋಡಿನಲ್ಲಿ ಕೊಂಡ ಒಂದೇ ಹಾರ್ಡ್‌ಡಿಸ್ಕಿನಲ್ಲಿ ಕೂರುತ್ತೆ! ಕಷ್ಟ ಇರೋದು ಟೇಪಿನಿಂದ ಇಳಿಸಿಕೊಳ್ಳೋದರಲ್ಲಿ. ಮ್ಯಾಗ್ನೆಟಿಕ್ ಟೇಪು ಕಪಾಟಿನಲ್ಲಿದ್ದರೂ ಹಾಳಾಗ್ತಾ ಹೋಗುತ್ತೆ, ಅದನ್ನು ಓಡಿಸೋ ಯಂತ್ರಗಳೂ ಒಂದೊಂದಾಗಿ ಕೆಡ್ತವೆ. ಸಮುದ್ರಕ್ಕೆ ಎಸೆಯೋದೇ ಬೇಕಿಲ್ಲ, ಸುಮ್ಮನೆ ಕೂತರೂ ಸಾಕು.

ಮಾಸ್ತಿ ನಮ್ಮ ತಾಲ್ಲೂಕಿನ ಊರು. ಮಾಸ್ತಿಯವರಿಗೆ ೧೯೮೩ರ ಜ್ಞಾನಪೀಠ ಬಂದಾಗ ಬೆಂಗಳೂರು ದೂರದರ್ಶನ ಇತ್ತು, ೧೯೮೬ರಲ್ಲಿ ಅವರು ತೀರಿಕೊಂಡಾಗಲೂ ಇತ್ತು. ಮಾಸ್ತಿಯವರು ಹೇಗೆ ಮಾತಾಡ್ತಿದ್ದರು ಅಂತ ಮಾಲೂರಿನ ಹೈಸ್ಕೂಲು ಹುಡುಗನೊಬ್ಬ ಕೇಳಿದರೆ ಹುಡುಕೋಕೆ ಅವನಿಗೊಂದು ಜಾಗ ಬೇಡ್ವಾ? ವಿಡಿಯೋ ಆಮೇಲೆ ಬರಲಿ, ಮೊದಲು ಪಟ್ಟಿ ಹೊರಗೆ ಹಾಕಿ ಸ್ವಾಮಿ. ಯಾವ ಟೇಪು, ಯಾವ ವರ್ಷದ್ದು, ಯಾರಿದ್ದಾರೆ, ಸ್ಥಿತಿ ಹೇಗಿದೆ. ಒಂದು ಎಕ್ಸೆಲ್ ಫೈಲಾದರೂ ಸಾಕು, ಕನ್ನಡದಲ್ಲಿ ಹುಡುಕೋ ಹಾಗೆ ಮಾಡಿಕೊಡೋಕೆ ನಮ್ಮಂಥವರು ಶನಿವಾರ-ಭಾನುವಾರ ಕೂರ್ತೀವಿ.

ಅಲ್ಲೀವರೆಗೆ ಒಂದು ಕೆಲಸ ಮಾಡಿ. ಅಟ್ಟದ ಮೇಲೆ "ಮಾಯಾಮೃಗ" ಅಂತ ಪೆನ್ನಲ್ಲಿ ಬರೆದ ವಿಎಚ್‌ಎಸ್ ಕ್ಯಾಸೆಟ್ಟೇನಾದರೂ ಇದ್ದರೆ, ಈ ಸಲ ಮನೆ ಸುಣ್ಣ ಹೊಡೆಸುವಾಗ ಗುಜರಿಯವನಿಗೆ ಹಾಕಬೇಡಿ.